ಟ್ಯಾಂಕಿನ ಹೊಗೆಯಾದ ಹಿಡಿ ಹತ್ತಿ

ನಾನು ಒಂದು ಹಿಡಿ ಹತ್ತಿ. ಸದ್ಯಕ್ಕೆ ಹೊಗೆಯ ವೇಷದಲ್ಲಿದ್ದೇನೆ. ಗೇಣುದ್ದದ ಪ್ಲಾಸ್ಟಿಕ್ ಟ್ಯಾಂಕೊಂದರ ಬೆನ್ನಿಗೆ ಅಂಟಿಕೊಂಡು, ಉರಿಯದ ಬೆಂಕಿಯ ಏಳದ ಹೊಗೆಯಾಗಿ, ಗಾಜಿನ ಪೆಟ್ಟಿಗೆಯೊಳಗೆ ಕಾಲ ನೂಕುತ್ತಿದ್ದೇನೆ. ನಿಮಗೆ ನಗು ಬಂದರೆ ನಕ್ಕುಬಿಡಿ, ನನಗೇನೂ ಬೇಸರವಿಲ್ಲ. ಮನುಷ್ಯರನ್ನು ನೋಡಿ ನಾನು ನಕ್ಕಿರುವಷ್ಟು ನೀವು ನನ್ನನ್ನು ನೋಡಿ ನಗಲಾರಿರಿ.

ಹುಟ್ಟಿದ್ದು ಕುಂದಗೋಳದ ಕಡೆಯ ಎರೆ ಹೊಲದಲ್ಲಿ. ಜವಾರಿ ಹತ್ತಿ. ಎಳೆ ಗಿಡ್ಡ, ಆದರೆ ಗಟ್ಟಿ. ಗಿಡದಿಂದ ಬಿಡಿಸಿದವರು ಯಾರು, ಬೀಜ ತೆಗೆಸಿದವರು ಯಾರು ಒಂದೂ ನೆನಪಿಲ್ಲ. ನೆನಪಿರುವುದು ಹುಬ್ಬಳ್ಳಿಯ ರಾಜೇಸಾಬ ನದಾಫ ಒಬ್ಬನೇ. ಆತ ಗಾದಿ ಮಾಡುವವನು. ತನ್ನಷ್ಟೇ ಎತ್ತರದ ಕಮಾನು ತೂಗುಹಾಕಿ, ಮರದ ಹಿಡಿಯಿಂದ ಅದರ ತಂತಿಗೆ ಬಡಿದರೆ ನಾವೆಲ್ಲ ಹಾರಿ ಹಾರಿ ಬೀಳುತ್ತಿದ್ದೆವು. ಕಸ ಒಂದು ಕಡೆ, ಹತ್ತಿ ಒಂದು ಕಡೆ. ಇಡೀ ದಿನ ಆತನ ಬಾಯಿಂದ ನಾಲ್ಕು ಮಾತು ಬಂದರೆ ಹೆಚ್ಚು. ಮಾಡುವ ಕೆಲಸ ಗೊತ್ತಿದ್ದವನಿಗೆ ಮಾತು ಯಾಕೆ ಬೇಕು? ಜೀವಮಾನದಲ್ಲಿ ಇವನು ಕೆಲಸ ಬಲ್ಲ ಮನುಷ್ಯ ಅಂತ ನಾನು ಮನಸಾರೆ ಒಪ್ಪಿಕೊಂಡದ್ದು ಆತನನ್ನು ಮಾತ್ರ.

ಆತ ನನ್ನನ್ನು ಒಂದು ಮದುವೆಯ ಗಾದಿಯ ಜೊತೆಗಿನ ತಲೆದಿಂಬಿಗೆ ತುಂಬಿದ. ಗಾಯಕ್ಕಿಡುವ ಹತ್ತಿಯಾಗಬಹುದಿತ್ತು. ದೇವರ ಮುಂದೆ ಬತ್ತಿಯಾಗಿ ಉರಿದು ಮರ್ಯಾದೆಯಿಂದ ಮುಗಿದುಹೋಗಬಹುದಿತ್ತು. ನನ್ನ ಪಾಲಿಗೆ ಬಂದದ್ದು ಚನ್ನವೀರಪ್ಪ ಹೊಂಬಳ ಎಂಬ ಮಹಾನುಭಾವನ ತಲೆ.

ಚನ್ನವೀರಪ್ಪ ರೈಲ್ವೆ ಕಾರ್ಖಾನೆಯಲ್ಲಿ ನಕ್ಷೆ ಬರೆಯುವವನು. ಗೆರೆ ಅಂದರೆ ಗೆರೆ, ಅಳತೆ ಅಂದರೆ ಅಳತೆ. ಚಪ್ಪಲಿಯನ್ನೂ ಗೋಡೆಗೆ ಸಮಾನಾಂತರವಾಗಿ ಬಿಡುವ ಜಾತಿ. ಮೂವತ್ತೆಂಟು ವರ್ಷ ಅವನ ಎಣ್ಣೆ ತಲೆಯನ್ನು ಹೊತ್ತು ನಾನು ಗಂಟು ಗಂಟಾದೆ. ಆ ತಲೆ ಮೇಲಿಂದ ನೋಡಿದವರಿಗೆ ದೊಡ್ಡದು. ಕೆಳಗಿನಿಂದ ಹೊತ್ತ ನನಗೆ ಮಾತ್ರ ಒಳಗಿನ ಸರಕು ಗೊತ್ತು. ಅಲ್ಲಿದ್ದದ್ದು ಇಬ್ಬರೇ ಮನುಷ್ಯರು.

ಒಬ್ಬ ಅವನ ಅಣ್ಣ ಮಹಾರುದ್ರಪ್ಪ, ಸೈನ್ಯದ ಟ್ಯಾಂಕ್ ಪಡೆಯಲ್ಲಿ ದಫೇದಾರ, ಒಂದು ಟ್ಯಾಂಕಿನ ಮುಖ್ಯಸ್ಥ. ಎಪ್ಪತ್ತೊಂದರ ಯುದ್ಧದಲ್ಲಿ ಪಶ್ಚಿಮದ ಗಡಿಯ ಕಬ್ಬಿನ ಗದ್ದೆಯೊಂದರಲ್ಲಿ ಅವನ ಟ್ಯಾಂಕಿಗೆ ಗುಂಡು ಬಿತ್ತು. ಹಿಂಬದಿಯ ಇಂಜಿನ್ನಿಗೆ ಬೆಂಕಿ ಹತ್ತಿತು. ಮಹಾರುದ್ರಪ್ಪನೂ ಇನ್ನಿಬ್ಬರೂ ಅಲ್ಲೇ ಸುಟ್ಟುಹೋದರು. ತಲೆಯೊಳಗಿನ ಎರಡನೆಯ ಮನುಷ್ಯ ಆ ಟ್ಯಾಂಕಿನ ಡ್ರೈವರ್ ತಿಪ್ಪಣ್ಣ ಮುಗಳಿ. ಮುಂದಿನ ಬಾಗಿಲಿನಿಂದ ಹಾರಿ, ಓಡಿ, ನಾಲ್ವರಲ್ಲಿ ಒಬ್ಬನೇ ಬದುಕಿಕೊಂಡವನು.

ಯುದ್ಧ ಮುಗಿದ ಮೇಲೆ ತಿಪ್ಪಣ್ಣ ಇವರ ಮನೆಗೆ ಬಂದಿದ್ದನಂತೆ. ಆಗ ಹದಿನಾರು ವರ್ಷದವನಾಗಿದ್ದ ಚನ್ನವೀರಪ್ಪ ಅವನನ್ನು ಹೊಸ್ತಿಲ ಆಚೆಗೇ ನಿಲ್ಲಿಸಿ, “ನಮ್ಮಣ್ಣನ್ನ ಬೆಂಕ್ಯಾಗ ಬಿಟ್ಟು ಓಡಿ ಬಂದಾಂವ ನಮ್ಮನಿಯೊಳಗ ಕಾಲಿಡಬ್ಯಾಡ” ಅಂದು ಬಾಗಿಲು ಹಾಕಿದನಂತೆ. ಈ ಕತೆಯನ್ನು ಹೆಂಡತಿ ಶಕುಂತಲಾಗೆ ಎಷ್ಟು ಸಲ ಹೇಳಿದ್ದನೆಂದರೆ ನನ್ನ ಎಳೆ ಎಳೆಗೂ ಬಾಯಿಪಾಠವಾಗಿತ್ತು. ಹೇಳಿದಾಗಲೆಲ್ಲ ಅವನ ದನಿಯಲ್ಲೊಂದು ಜಂಬ. ಬಾಗಿಲು ಹಾಕಲು ಏನು ಮಹಾ ಎದೆಗಾರಿಕೆ ಬೇಕು? ಅಗುಳಿಯೊಂದಿದ್ದರೆ ಸಾಕು.

ನಿವೃತ್ತನಾದ ಮೇಲೆ ಚನ್ನವೀರಪ್ಪನಿಗೆ ಹಲ್ಲು ನೋವು ಬಂತು. ಅದೇ ನನ್ನ ಗ್ರಹಚಾರಕ್ಕೆ ಕಾರಣ. ಹಲ್ಲಿನ ಡಾಕ್ಟರ್ ಉಮರ್ಜಿಯವರ ದವಾಖಾನೆಯಲ್ಲಿ ಸುಣ್ಣದಂಥ ಹಲ್ಲಿನ ಅಚ್ಚುಗಳ ಪಕ್ಕ ಪುಟ್ಟ ಪುಟ್ಟ ಟ್ಯಾಂಕು, ಜೀಪು, ತೋಪುಗಳು ಸಾಲಾಗಿ ನಿಂತಿದ್ದವಂತೆ. ಡಾಕ್ಟರು ಹಲ್ಲು ಕೆರೆಯುವ ಕಡ್ಡಿಯಿಂದಲೇ ಟ್ಯಾಂಕಿನ ಚಕ್ರದ ಸಂದು ಕೆರೆಯುತ್ತಾರೆ. ಯಾವುದು ಮೊದಲು, ಯಾವುದು ಆಮೇಲೆ ಅಂತ ಯಾರೂ ಕೇಳುವುದಿಲ್ಲ. ಅವರದೊಂದು ಕೂಟ. ಒಂಬತ್ತು ಮಂದಿ ಸದಸ್ಯರು, ಎಲ್ಲರಿಗೂ ತಲೆ ನರೆತಿದೆ. ಭಾನುವಾರ ಸೇರಿ, ಯುದ್ಧದಲ್ಲಿ ಯಾವ ಟ್ಯಾಂಕಿಗೆ ಎಷ್ಟು ಮೊಳೆ ಇದ್ದವು ಅಂತ ಕಾಲು ಕೆರೆದು ಜಗಳವಾಡುತ್ತಾರೆ. ಒಬ್ಬನೂ ಪಟಾಕಿ ಹಚ್ಚುವಾಗ ಹತ್ತಿರ ನಿಂತವನಲ್ಲ.

ಚನ್ನವೀರಪ್ಪ ಆ ಕೂಟದ ಹತ್ತನೆಯವನಾದ. ಮೂರೇ ವರ್ಷದಲ್ಲಿ ಉಳಿದ ಒಂಬತ್ತು ಮಂದಿಯನ್ನೂ ಹಿಂದೆ ಹಾಕಿದ. ಯುದ್ಧಕ್ಕೆ ಐವತ್ತು ವರ್ಷ ತುಂಬುವ ಹೊತ್ತಿಗೆ ಕೂಟದ ಪ್ರದರ್ಶನದಲ್ಲಿ ಅಣ್ಣನ ಟ್ಯಾಂಕನ್ನು ಇಡಬೇಕು ಅಂತ ಹಟ ಹಿಡಿದ. ಜಪಾನಿನಿಂದ ಡಬ್ಬಿ ಬಂತು. ನಿಜವಾದ ಟ್ಯಾಂಕಿನ ಮೂವತ್ತೈದರಲ್ಲಿ ಒಂದು ಪಾಲಿನ ಮಾದರಿ. ಟ್ಯಾಂಕು ಎದ್ದು ನಿಂತಿತು. ಪೊರಕೆ ಕಡ್ಡಿ ಕತ್ತರಿಸಿ, ಹಸಿರು ಕಾಗದ ಸುತ್ತಿ ಕಬ್ಬಿನ ಗದ್ದೆಯೂ ಆಯಿತು. ಉಳಿದದ್ದು ಬೆಂಕಿ ಮತ್ತು ಹೊಗೆ.

ಅಲ್ಲಿಗೆ ಬಂದಾಗ ಇವರ ಜಾಣತನವೆಲ್ಲ ಬಯಲಾಯಿತು. ಮೊದಲು ಟ್ಯಾಂಕಿನ ಹೊಟ್ಟೆಯೊಳಗೆ ಊದುಬತ್ತಿ ಹಚ್ಚಿಟ್ಟ. ಹೊಗೆ ನೆಟ್ಟಗೆ ದಾರದ ಹಾಗೆ ಮೇಲಕ್ಕೆ ಹೋಯಿತು, ರಣರಂಗದ ತುಂಬ ಮಲ್ಲಿಗೆ ವಾಸನೆ ಹಬ್ಬಿತು. ಮನುಷ್ಯರನ್ನು ಎಷ್ಟು ಬೇಕಾದರೂ ಸಣ್ಣದು ಮಾಡಬಹುದು, ಹೊಗೆಯನ್ನು ಮೂವತ್ತೈದರಲ್ಲಿ ಒಂದು ಪಾಲಿಗೆ ಇಳಿಸಲು ಬರುವುದಿಲ್ಲ ಎಂಬುದು ಆ ದೊಡ್ಡ ತಲೆಗೆ ಹೊಳೆಯಲು ನಾಲ್ಕು ದಿನ ಹಿಡಿಯಿತು. ಆಮೇಲೆ ಪಾತ್ರೆ ತಿಕ್ಕುವ ತಂತಿಯ ಜುಂಗು ತಂದ. ಅದು ಪಾತ್ರೆ ತಿಕ್ಕುವ ಜುಂಗಿನ ಹಾಗೇ ಕಂಡಿತು. ಔಷಧದ ಅಂಗಡಿಯ ಹತ್ತಿ ತಂದು ಅಂಟಿಸಿದರೆ ಟ್ಯಾಂಕಿನ ಮೇಲೆ ಕುರಿಮರಿ ಹತ್ತಿ ಕೂತ ಹಾಗಾಯಿತು. ಶಕುಂತಲಾ ಬಾಯಿಗೆ ಸೆರಗು ಹಿಡಿದು ನಕ್ಕಳು.

“ನಗಬ್ಯಾಡ. ಹೊಗಿ ಸರಿಯಾಗ್ಲಿಲ್ಲಂದ್ರ ಇಷ್ಟೆಲ್ಲಾ ಮಾಡಿದ್ದು ನೀರಾಗ ಹೋಮಾ,” ಅಂದ ಗಂಡ.

“ಆ ಹಳೇ ತಲಿದಿಂಬು ಹರದೈತಿ, ಒಗ್ಯಾಕಂತ ಹಿತ್ತಲದಾಗ ಇಟ್ಟೀನಿ. ಅದರಾಗಿನ ಅರಳಿ ಮಾಸಿ ಕರ್ರಗಾಗೇತಿ. ಅದನ್ನ ತಗೋರಿ, ನನ್ನ ತಲಿ ಮಾತ್ರ ತಿನ್ನಬ್ಯಾಡ್ರಿ.”

ಹೀಗೆ ದಿಂಬಿನ ಹೊಟ್ಟೆ ಸೀಳಿ ನನ್ನನ್ನು ಹೊರಗೆಳೆದರು. ಎಸೆಯಲು ಇಟ್ಟದ್ದನ್ನು ಎತ್ತಿಕೊಂಡರೆ ಅದಕ್ಕೆ ಮರುಜನ್ಮ ಅನ್ನುತ್ತಾರೆ. ಎಸೆದಿದ್ದರೆ ಚೆನ್ನಾಗಿತ್ತು.

ಕೆಲಸ ಮಾತ್ರ ಚೆನ್ನಾಗಿಯೇ ಮಾಡಿದ, ನನ್ನ ಸಿಟ್ಟೂ ಅದೇ. ಡಾಕ್ಟರ ಕಡ್ಡಿಯಿಂದ ನನ್ನ ಗಂಟುಗಳನ್ನು ಬಿಡಿಸಿದ. ಚಿಮಟದಿಂದ ಎಳೆದು ಎಳೆದು ಜೇಡರ ಬಲೆಯಷ್ಟು ತೆಳ್ಳಗೆ ಮಾಡಿದ. ಹಳೆಯ ಫ್ಯಾನಿನ ತಾಮ್ರದ ತಂತಿಯನ್ನು ನನಗೆ ಬೆನ್ನೆಲುಬಾಗಿ ಕೊಟ್ಟ. ಬುಡದಲ್ಲಿ ಗಣಪತಿ ಹಬ್ಬದ ಸೀರಿಯಲ್ ಲೈಟಿನಿಂದ ಕಿತ್ತ ನಾಲ್ಕು ದೀಪ, ಮೂರು ಕೇಸರಿ, ಒಂದು ಹಳದಿ. ಅವು ಒಂದರ ಹಿಂದೊಂದು ಅಡ್ಡಾದಿಡ್ಡಿ ಮಿಣುಕುವ ಹಾಗೆ ಜೋಡಿಸಿದ. ಬುಡಕ್ಕೆ ಬೆಂಕಿಯ ಕೆಂಪು, ಅದರ ಮೇಲೆ ಗಾಢ ಕಪ್ಪು, ಮೇಲೇರಿದಂತೆ ಕಂದು, ತುದಿಗೆ ಬೂದಿ. ಬಣ್ಣವನ್ನು ಒಂದು ಮೊಳ ದೂರ ನಿಂತೇ ಊದಿದ. ಹತ್ತಿರದಿಂದ ಊದಿದರೆ ನಾನು ಒದ್ದೆಯಾಗಿ ಕುಸಿಯುತ್ತೇನೆ, ಹೊಗೆ ಹೋಗಿ ಹಸಿ ಕಂಬಳಿಯಾಗುತ್ತದೆ. ಕಡೆಗೆ ಕೂದಲಿಗೆ ಹೊಡೆಯುವ ಸ್ಪ್ರೇ ಹೊಡೆದು ಅಲ್ಲಾಡದಂತೆ ನಿಲ್ಲಿಸಿದ. ಕೋಣೆಯ ಕಿಟಕಿ ಮುಚ್ಚಿ ದೀಪ ಹಾಕಿದಾಗ ಶಕುಂತಲಾಳ ನಗು ನಿಂತಿತು. ಅವಳು ಎರಡು ಹೆಜ್ಜೆ ಹಿಂದೆ ಸರಿದಳು.

ಇನ್ನು ಗಾಳಿಯ ಮಾತು. ಇದನ್ನು ಗಮನವಿಟ್ಟು ಕೇಳಿ. ಎಲ್ಲ ಕೆಟ್ಟದ್ದು ಇಲ್ಲಿಯೇ.

ಅಣ್ಣನ ಟ್ಯಾಂಕಿನ ಒಂದು ಫೋಟೋ ಚನ್ನವೀರಪ್ಪನ ಬಳಿ ಇತ್ತು. ಬೆಂಕಿ ಆರಿದ ಮೇಲೆ ಯಾರೋ ತೆಗೆದದ್ದು. ಅದರಲ್ಲಿ ಮಸಿ ಹಿಂಬದಿಯ ಇಂಜಿನ್ನಿನಿಂದ ಮುಂದಕ್ಕೆ ಹರಡಿತ್ತು. ಅಣ್ಣ ನಿಂತಿದ್ದ, ತೋಪು ಹೊತ್ತ ಗೋಪುರ ಕಪ್ಪು, ಡ್ರೈವರ್ ಕೂರುವ ಮೂತಿಯ ಭಾಗ ಇನ್ನೂ ಕಪ್ಪು. ನಕ್ಷೆ ಬರೆದ ಕೈ ಅಲ್ಲವೇ, ಇದ್ದದ್ದನ್ನು ಇದ್ದ ಹಾಗೆ ಇಳಿಸಿತು. ಎಣ್ಣೆ ದೀಪದ ಮೇಲೆ ತಟ್ಟೆ ಹಿಡಿದು ಕಾಡಿಗೆ ಕೂಡಿಸಿ, ಕುಂಚದಿಂದ ಮಸಿ ಎಲ್ಲೆಲ್ಲಿತ್ತೋ ಅಲ್ಲಲ್ಲೇ ಹಚ್ಚಿದ. ಆದರೆ ಹೊಗೆಯನ್ನು ಎತ್ತ ಬಾಗಿಸಬೇಕು ಎಂಬಲ್ಲಿ ಡಾಕ್ಟರನ್ನು ಕೇಳಿದ.

“ಹೊಗಿ ಯಾವಾಗಲೂ ಹಿಂದಕ್ಕ ಬಾಗಬೇಕ್ರಿ ಹೊಂಬಳ ಅವರ,” ಅಂದರು ಉಮರ್ಜಿ. “ಮುಂದ ಬಂತಂದ್ರ ನೀವು ಮಾಡಿದ್ದೆಲ್ಲಾ ಮುಚ್ಚಿ ಹೋಗ್ತದ. ನೋಡೋರಿಗೆ ಏನು ಕಾಣಬೇಕು? ಅಷ್ಟ ಅಲ್ಲ, ಟ್ಯಾಂಕಿನ ಮ್ಯಾಲಿನ ಬಾವುಟಾನೂ ಹೊಗಿ ಹೋದ ಕಡೇನ ಹಾರಬೇಕು. ಅದನ್ನ ಮರತ್ರ ಜಜ್ ಮಾರ್ಕ್ಸ್ ಕಡದಬಿಡ್ತಾರ.”

ಕೇಳಿದಿರಾ? ಸತ್ತವರ ಟ್ಯಾಂಕಿನ ಮೇಲೆ ಗಾಳಿ ಯಾವ ಕಡೆ ಬೀಸಬೇಕೆಂದು ನೋಡುವವರ ಅನುಕೂಲ ನೋಡಿ ತೀರ್ಮಾನಿಸುವ ಜನ ಇವರು. ಮಸಿ ಮುಂದೆ ಇದೆ, ಹೊಗೆ ಹಿಂದೆ ಹೋಗುತ್ತಿದೆ, ಇದು ಹೊಂದುವುದಿಲ್ಲ ಅಂತ ಚನ್ನವೀರಪ್ಪನಿಗೂ ಗೊತ್ತಾಗಿತ್ತು. ಅರ್ಧ ನಿಮಿಷ ಫೋಟೋ ಹಿಡಿದು ಕೂತ. ಆಮೇಲೆ ಅದನ್ನು ಖಾನೆಯೊಳಗಿಟ್ಟು ನನ್ನನ್ನು ಹಿಂದಕ್ಕೆ ಬಾಗಿಸಿದ. ಬಾವುಟವನ್ನೂ ಹಿಂದಕ್ಕೇ ತಿರುಗಿಸಿ ಅಂಟಿಸಿದ.

ಯಾಕೆ ಗೊತ್ತೇ? ಮುಂದಿನ ಬಯಲಿನಲ್ಲಿ ಅವನಿಗೆ ಎರಡು ಗೊಂಬೆ ಕಾಣಬೇಕಾಗಿತ್ತು. ಗೋಪುರದಲ್ಲಿ ಎದೆಯವರೆಗೆ ಎದ್ದ ಅಣ್ಣ, ಒಂದು ಕೈ ಚಾಚಿದ್ದಾನೆ. ಹತ್ತು ಹೆಜ್ಜೆ ಮುಂದೆ ಓಡುತ್ತಿರುವ ಡ್ರೈವರ್, ಕತ್ತು ತಿರುಗಿಸಿ ಅಣ್ಣನನ್ನು ಕಣ್ಣಾರೆ ನೋಡುತ್ತಲೇ ಓಡುತ್ತಿದ್ದಾನೆ. ಅಣ್ಣನ ಮುಖ ಕಡಲೆಕಾಳಿನಷ್ಟು. ಆ ಕಾಳಿನ ಮೇಲೆ ಮೂರು ತಿಂಗಳು ಒಂದೆಳೆಯ ಕುಂಚ ಆಡಿಸಿ ಮೀಸೆ, ಹುಬ್ಬು, ಗಲ್ಲದ ಗುಳಿ ಎಲ್ಲ ತಂದ. ಮನೆಯಲ್ಲಿದ್ದ ಅಣ್ಣನ ಒಂದೇ ಭಾವಚಿತ್ರ ಗೆದ್ದಲು ಹತ್ತಿ ಹೋಗಿ ಎಷ್ಟೋ ವರ್ಷವಾಗಿತ್ತು. ಹಾಗಾಗಿ ಆ ಮುಖ ಈಗ ಇರುವುದು ಆ ಕಡಲೆಕಾಳಿನ ಮೇಲೆ ಮಾತ್ರ. ಮುಗಿದ ದಿನ ಅವನು ಮೇಜಿನ ಮೇಲೆ ತಲೆಯಿಟ್ಟು ಅತ್ತ. ಪಾಪ ಅನ್ನಿಸಬೇಕಿತ್ತು ನನಗೆ. ಅನ್ನಿಸಲಿಲ್ಲ. ಯಾಕೆಂದರೆ ಎದ್ದು ಕಣ್ಣೊರೆಸಿಕೊಂಡವನು ಮಾಡಿದ ಮೊದಲ ಕೆಲಸ, ಪ್ರದರ್ಶನಕ್ಕೆ ತಿಪ್ಪಣ್ಣನನ್ನು ಕರೆಸುವ ಏರ್ಪಾಟು.

ಕೂಟಕ್ಕೆ ಹಳೆಯ ಟ್ಯಾಂಕ್ ಸಿಪಾಯಿಯೊಬ್ಬ ಅತಿಥಿಯಾಗಿ ಬೇಕಿತ್ತು. ವಿಳಾಸ ಕೊಟ್ಟವನು ಚನ್ನವೀರಪ್ಪನೇ. ಒಳಗಿನ ಕತೆ ಡಾಕ್ಟರಿಗೆ ಗೊತ್ತಿರಲಿಲ್ಲ. ಶಕುಂತಲಾಗೆ ಗೊತ್ತಿತ್ತು.

“ಐವತ್ತು ವರ್ಷಾತು. ಬಿಟ್ಟಬಿಡ್ರಿ ಇನ್ನ,” ಅಂದಳು.

“ಹ್ಯಾಂಗ ಬಿಡೂದು? ನಾಕ ಮಂದ್ಯಾಗ ನಿಂತು ತನ್ನ ಮಾರಿ ತಾನ ನೋಡ್ಕೊಳ್ಳಿ. ಅಷ್ಟ ಸಾಕು ನನಗ.”

ಇಷ್ಟಕ್ಕಾಗಿ ನಾನು ಹೊಗೆಯಾದೆ. ಮಂದಿಯ ಮುಂದೆ ಮುದುಕನೊಬ್ಬನ ಮಾನ ಕಳೆಯಲು.

ಪ್ರದರ್ಶನ ಒಂದು ಶಾಲೆಯ ಸಭಾಭವನದಲ್ಲಿ, ಮೂರು ದಿನ. ನನಗೆ ನಡುವಿನ ಮೇಜು, ಬಿಳಿ ಬಟ್ಟೆ. ಮುಂದೊಂದು ಚೀಟಿ, ಚನ್ನವೀರಪ್ಪನ ಮುತ್ತಿನಂಥ ಅಕ್ಷರ: ‘ಬಿಟ್ಟು ಓಡಿದವನು, ಡಿಸೆಂಬರ್ ೧೯೭೧.’ ಮೊದಲ ದಿನ ಬೆಳಿಗ್ಗೆಯೇ ಜಜ್ ಬಂದು ಬಾವುಟ ನೋಡಿದರು, ಹೊಗೆ ನೋಡಿದರು, ಎರಡೂ ಒಂದೇ ಕಡೆ ಹೋಗುವುದನ್ನು ಕಂಡು ತಲೆಯಾಡಿಸಿದರು. ಮೊದಲ ಬಹುಮಾನದ ನೀಲಿ ರಿಬ್ಬನ್ನು ಬಂತು. ಜನ ಮುಗಿಬಿದ್ದರು. “ಅಯ್ಯ, ಥೇಟ್ ಹೊಗೀನ ನೋಡವಾ” ಅಂದರು. ನನ್ನ ಪಕ್ಕ ಹಲ್ಲು ಕಿರಿದು ಸೆಲ್ಫಿ ತೆಗೆದುಕೊಂಡರು. ಮೂವರು ಸುಟ್ಟು ಸತ್ತ ಬೆಂಕಿಯ ಮುಂದೆ ನಿಂತು ಹಲ್ಲು ಕಿರಿಯಲು ಮನುಷ್ಯನಿಗೆ ಮಾತ್ರ ಸಾಧ್ಯ.

ಹನ್ನೊಂದು ಗಂಟೆಗೆ ತಿಪ್ಪಣ್ಣ ಬಂದ. ಧೋತರ, ಹಳೆಯ ಕೋಟು, ತಲೆಗೆ ಟೊಪ್ಪಿಗೆ. ಉಮರ್ಜಿ ಹಾರ ಹಾಕಿ ನೇರ ನನ್ನ ಮುಂದೆ ತಂದು ನಿಲ್ಲಿಸಿದರು. ಚನ್ನವೀರಪ್ಪ ಮೇಜಿನ ಆ ಬದಿಯಲ್ಲಿ ಕೈ ಕಟ್ಟಿ ನಿಂತಿದ್ದ. ತಿಪ್ಪಣ್ಣ ಕನ್ನಡಕ ಹಾಕಿಕೊಂಡು ಚೀಟಿ ಓದಿದ. ಬಗ್ಗಿ ಗೊಂಬೆಗಳನ್ನು ನೋಡಿದ. ಬಹಳ ಹೊತ್ತು ನೋಡಿದ.

“ಓಡಾಕ ಹತ್ಯಾನಲ್ರಿ, ಇಂವ ನಾನೇನು?” ಅಂತ ಕೇಳಿದ.

“ಗುರ್ತ ಸಿಕ್ತಲ್ಲ,” ಅಂದ ಚನ್ನವೀರಪ್ಪ.

“ಸಿಕ್ತ್ರಿ. ಸಾಹೇಬರ ಮಾರಿನೂ ಥೇಟ್ ಹಂಗ ಐತಿ. ಗಲ್ಲದ ಗುಳಿ ಸೈತ.” ಆತನ ದನಿಯಲ್ಲಿ ಕೋಪ ಇರಲಿಲ್ಲ. “ನಾ ಓಡಿದ್ದು ಖರೆರಿ. ಅದನ್ನ ಯಾವತ್ತೂ ಇಲ್ಲಾ ಅಂದಿಲ್ಲ. ಆದ್ರ ಹಿಂಗ ನೋಡಿಕೋತ ಓಡ್ಲಿಲ್ರಿ. ನೋಡಾಕ ಏನೂ ಕಾಣತಿದ್ದಿಲ್ಲ.”

“ಯಾಕ ಕಾಣಲಿಲ್ಲ?”

“ಗಾಳಿ ನಮ್ಮ ಬೆನ್ನ ಹಿಂದಿಂದ ಇತ್ತ್ರಿ. ಇಂಜಿನ್ನಿನ ಹೊಗಿಯೆಲ್ಲಾ ನಮ್ಮ ಮ್ಯಾಲ. ನನ್ನ ಕೈ ನನಗ ಕಾಣತಿದ್ದಿಲ್ಲ. ‘ಹಾರ್ರಲೇ, ಹಾರ್ರಿ’ ಅಂತ ಸಾಹೇಬರ ಧ್ವನಿ ಕೇಳ್ತು. ಹಾರಿದೆ. ಅವರೂ ಹಾರ್ಯಾರ ಅಂತ ತಿಳಕೊಂಡೆ. ಕಬ್ಬಿನ್ಯಾಗ ಬಿದ್ದು ಒಬ್ಬೊಬ್ಬರ ಹೆಸರು ಹಿಡದು ಕರದೆ. ಯಾರೂ ಓ ಅನ್ನಲಿಲ್ಲ.” ಆತ ಬೆರಳನ್ನು ಗಾಜಿಗೆ ತಾಗಿಸಿದ. “ಮಸಿ ನೀವ ಹಚ್ಚೀರಿ. ಎಲ್ಲಿ ಹಚ್ಚೀರಿ ನೋಡ್ರಿ. ಮುಂದ. ಹೊಗಿ ಹಿಂದಕ ಹೊಂಟಿದ್ರ ಮಸಿ ಮುಂದ ಹ್ಯಾಂಗ ಬರತೈತ್ರಿ? ಇಷ್ಟು ಹೇಳಿ ಹೋಗೂಣಂತ ಅವತ್ತ ನಿಮ್ಮನಿಗೆ ಬಂದಿದ್ದೆ.”

ಸಭಾಭವನದಲ್ಲಿ ಮೊದಲು ಬಾಯಿ ಬಿಟ್ಟವರು ಉಮರ್ಜಿ. “ಅರೇ, ಹೌದಲ್ರಿ ಹೊಂಬಳ ಅವರ! ಮಸಿ, ಹೊಗಿ ಹೊಂದಂಗಿಲ್ಲ! ಜಜ್ ಕಣ್ಣಿಗೂ ಬಿದ್ದಿಲ್ಲ ನೋಡ್ರಿ. ಇರ್ಲಿ ಬಿಡ್ರಿ, ಬಹುಮಾನ ಹೆಂಗೂ ಬಂದದ. ಮುಂದಿನ ವರ್ಷ ತಿದ್ದೀರಂತ.”

ಒಬ್ಬ ಮನುಷ್ಯ ಐವತ್ತು ವರ್ಷ ಗಂಟಲಲ್ಲಿ ಇಟ್ಟುಕೊಂಡ ಮಾತನ್ನು ಹೊರಗೆ ಹಾಕಿದರೆ ಡಾಕ್ಟರಿಗೆ ಕಂಡದ್ದು ಮಾರ್ಕ್ಸು. ಆ ಕ್ಷಣ ನನ್ನ ಬುಡದ ದೀಪಗಳು ನಿಜವಾದ ಬೆಂಕಿಯಾಗಿ ಇಡೀ ಭವನ ಸುಟ್ಟುಹೋಗಿದ್ದರೆ ನನಗೆ ಸಂತೋಷವಾಗುತ್ತಿತ್ತು.

ಚನ್ನವೀರಪ್ಪನ ಕಿವಿಗೆ ಡಾಕ್ಟರ ಮಾತು ಬೀಳಲೇ ಇಲ್ಲ. ಅವನು ನೋಡುತ್ತಿದ್ದದ್ದು ಅಣ್ಣನ ಮುಖವನ್ನು. ಹೊಗೆಯನ್ನು ಸರಿಯಾದ ಕಡೆಗೆ ತಿರುಗಿಸಿದರೆ ಮೊದಲು ಮುಚ್ಚಿಹೋಗುವುದು ಆ ಮುಖ. ತಿರುಗಿಸದೆ ಬಿಟ್ಟರೆ ಎದುರಿಗೆ ನಿಂತ ಮುದುಕ ಇನ್ನೂ ಎರಡೂವರೆ ದಿನ ಊರ ಜನರ ಮುಂದೆ ಓಡುತ್ತಲೇ ಇರಬೇಕು. ನನಗೆ ಅವನ ಉತ್ತರ ಗೊತ್ತಿತ್ತು. ಮೂವತ್ತೆಂಟು ವರ್ಷ ಆ ತಲೆ ಹೊತ್ತವನು ನಾನು. ಪ್ರದರ್ಶನ ಮುಗಿಯಲಿ, ನೋಡೋಣ ಅನ್ನುತ್ತಾನೆ ಅಂದುಕೊಂಡೆ.

ನನ್ನ ಎಣಿಕೆ ತಪ್ಪಿತು. ಅವನು ಗಾಜಿನ ಮುಚ್ಚಳ ಎತ್ತಿ ಕೆಳಗಿಟ್ಟ. ಚಿಮಟವನ್ನೂ ತೆಗೆದುಕೊಳ್ಳದೆ ಬರಿಗೈ ಹಾಕಿ ನನ್ನ ಬೆನ್ನೆಲುಬಿನ ತಂತಿ ಹಿಡಿದು ಮುಂದಕ್ಕೆ ಬಗ್ಗಿಸಿದ. ಸ್ಪ್ರೇ ಕುಡಿದು ಸೆಟೆದಿದ್ದ ನನ್ನ ಎಳೆಗಳು ಚಟಚಟ ಮುರಿದವು. ಬುಡದ ಅಂಟು ಬಿರಿಯಿತು, ಎರಡು ದೀಪ ಆರಿದವು, ಬಾವುಟದ ಕಡ್ಡಿ ಮುರಿದು ಕಬ್ಬಿನಲ್ಲಿ ಬಿತ್ತು.

“ತಿಪ್ಪಣ್ಣಾರ, ಇಷ್ಟಿತ್ತೇನ್ರಿ?” ಅಂತ ಕೇಳಿದ.

“ಇನ್ನೂ ದಟ್ಟ ಇತ್ರಿ.”

ಮೇಲಿನ ತೆಳುವಾದ ಬೂದಿ ಬಣ್ಣದ ಎಳೆಗಳನ್ನೆಲ್ಲ ಕೆಳಗೆಳೆದು ಒತ್ತಿದ. “ಈಗ?”

“ಇನ್ನ ಸ್ವಲ್ಪ ಈ ಕಡೆ ಬರ್ಲಿ. ಹಾಂ. ಸಾಕು. ಹಿಂಗಿತ್ತು.”

ಗೋಪುರ ಮುಚ್ಚಿತು, ಅಣ್ಣನ ಮುಖ ನನ್ನ ಕೆಳಗೆ ಹೋಯಿತು, ಓಡುವವನೂ ಮರೆಯಾದ. ಕಾಣುತ್ತಿದ್ದದ್ದು ಟ್ಯಾಂಕಿನ ಬೆನ್ನಷ್ಟೇ. ಚನ್ನವೀರಪ್ಪ ಚೀಟಿಯನ್ನು ಹರಿದು ಜೇಬಿಗೆ ಹಾಕಿಕೊಂಡ. ಕಡೆಗೆ ಅವನ ಬಾಯಲ್ಲಿ ಬಂದದ್ದು, “ಅವತ್ತ ನಾ ಬಾಗಲಾ ಹಾಕಬಾರದಾಗಿತ್ರಿ.” ತಿಪ್ಪಣ್ಣ ಅವನ ಭುಜ ಮುಟ್ಟಿ, ಡಾಕ್ಟರ ಹಾರವನ್ನು ಕೈಯಲ್ಲಿ ಹಿಡಿದುಕೊಂಡು ಹೊರಟುಹೋದ.

ಉಳಿದ ಎರಡು ದಿನ ಬಂದವರು ನನ್ನನ್ನು ನೋಡಿ ಮೂಗು ಮುರಿದರು. “ಇದೇನ್ ಬರೇ ಅರಳಿ ಗುಡ್ಡಿ ಇಟ್ಟಾರ?” ಅಂದರು. ನೀಲಿ ರಿಬ್ಬನ್ನು ನನ್ನ ಮೇಜಿನಿಂದ ಎದ್ದು ಪಕ್ಕದ ವಿಮಾನಕ್ಕೆ ಹೋಯಿತು. ಆ ವಿಮಾನಕ್ಕೆ ಹೊಗೆಯೂ ಇರಲಿಲ್ಲ, ಸತ್ತವರೂ ಇರಲಿಲ್ಲ, ಮಿರಿಮಿರಿ ಹೊಳೆಯುತ್ತಿತ್ತು. ಜನಕ್ಕೆ ಬೇಕಾದದ್ದು ಅಂಥದೇ.

ಈಗ ನಾನು ಇವರ ಮನೆಯ ಪಡಸಾಲೆಯ ಮೂಲೆಯಲ್ಲಿ, ಕಬ್ಬಿಣದ ಕಪಾಟಿನ ಪಕ್ಕದ ಸ್ಟೂಲಿನ ಮೇಲಿದ್ದೇನೆ. ವಯಸ್ಸಾಯಿತು. ಕಪ್ಪು ಬಣ್ಣ ಉದುರಿ ಒಳಗಿನ ಹಳದಿ ಇಣುಕುತ್ತಿದೆ. ಪೆಟ್ಟಿಗೆಯ ಸಂದಿನಿಂದ ಧೂಳು ಬಂದು ಸೇರಿದೆ, ವಿಚಿತ್ರವೆಂದರೆ ಧೂಳು ಕೂತ ಮೇಲೆ ನಾನು ಇನ್ನಷ್ಟು ಹೊಗೆಯ ಹಾಗೆ ಕಾಣುತ್ತೇನಂತೆ. ಪ್ರದರ್ಶನವಾದ ಮೇಲೆ ಕೆಲವು ತಿಂಗಳು ಚನ್ನವೀರಪ್ಪ ದಿನಕ್ಕೊಮ್ಮೆ, ಚಹಾ ಆರುವಷ್ಟು ಹೊತ್ತು, ಮುಚ್ಚಳ ತೆಗೆದು ಚಿಮಟದಿಂದ ನನ್ನನ್ನು ಚೂರು ಸರಿಸಿ ಅಣ್ಣನ ಮುಖ ನೋಡುತ್ತಿದ್ದ. ನೋಡಿ ಮತ್ತೆ ಮುಚ್ಚುತ್ತಿದ್ದ. ಶಕುಂತಲಾ ಕಂಡೂ ಕಾಣದ ಹಾಗೆ ಒಳಗೆ ಹೋಗುತ್ತಿದ್ದಳು. ನಾನು ಮನಸ್ಸಿನಲ್ಲೇ ಛೀ ಅನ್ನುತ್ತಿದ್ದೆ. ಎಲ್ಲರೆದುರು ಮುಚ್ಚಿ ದೊಡ್ಡವನಾದೆ, ಈಗ ಮರೆಯಲ್ಲಿ ತೆರೆದು ನೋಡುತ್ತೀಯಾ ಅಂತ.

ಒಂದು ಮಧ್ಯಾಹ್ನ ತಿಪ್ಪಣ್ಣ ಮನೆಗೆ ಬಂದ. ಚನ್ನವೀರಪ್ಪನೇ ಎರಡು ಸಲ ಫೋನು ಮಾಡಿ ಕರೆದಿದ್ದ. ಶಕುಂತಲಾ ಅವಲಕ್ಕಿ, ಚಹಾ ಕೊಟ್ಟಳು. ಮುದುಕರಿಬ್ಬರೂ ಮಂಡಿನೋವು, ಕಣ್ಣಿನ ಪೊರೆ ಅಂತ ಏನೇನೋ ಮಾತಾಡಿದರು. ಆಮೇಲೆ ಚನ್ನವೀರಪ್ಪ ಎದ್ದು ಬಂದು ಮುಚ್ಚಳ ತೆಗೆದ. ಅವನ ಮುಖದಲ್ಲಿ ಮಕ್ಕಳ ಹಾಗೆ ಒಂದು ಉಮೇದು.

“ಬರ್ರಿ, ಅಣ್ಣನ ಮಾರಿ ತೋರಸ್ತೀನಿ. ಸ್ವಲ್ಪ ಸರಿಸಿದ್ರ ಕಾಣತೈತಿ. ನಿಮಗೂ ನೋಡಬೇಕ ಅನಸ್ತಿರಬೇಕಲ್ಲ.”

ತಿಪ್ಪಣ್ಣ ಕುಳಿತಲ್ಲಿಂದ ಏಳಲಿಲ್ಲ. “ಬ್ಯಾಡ್ರಿ,” ಅಂದ. ಲೋಟವನ್ನು ನೆಲಕ್ಕಿಟ್ಟ. “ಒಂದ ಮಾತು ಹೇಳ್ತೀನಿ, ತಪ್ಪು ತಿಳ್ಕೋಬ್ಯಾಡ್ರಿ. ಐವತ್ತು ವರ್ಷ ಕಣ್ಣು ಮುಚ್ಚಿದ್ರ ನನಗ ಸಾಹೇಬರ ಧ್ವನಿ ಅಷ್ಟ ಕೇಳತಿತ್ತು. ಕರ್ರಗ ಹೊಗಿ, ಅದರೊಳಗ ಧ್ವನಿ. ಅವತ್ತ ನಿಮ್ಮ ಪ್ರದರ್ಶನದಾಗ ಇದನ್ನ ನೋಡಿದಾಗಿಂದ ಮಾರಿನೂ ಕಾಣಾಕ ಹತ್ತೈತಿ. ಕೈ ಚಾಚ್ಯಾರ, ನನ್ನ ನೋಡಾಕ ಹತ್ಯಾರ. ಅಂಥಾದ್ದೇನೂ ಆಗಿಲ್ಲಾಂತ ನನಗ ಗೊತ್ತೈತ್ರಿ. ಆದ್ರೂ ಒಮ್ಮೊಮ್ಮೆ ಅನಸ್ತೈತಿ, ಕಂಡೇ ಓಡಿದ್ನೇನೋ ಅಂತ.”

ಚನ್ನವೀರಪ್ಪ ಚಿಮಟವನ್ನು ಕೆಳಗಿಟ್ಟ.

ಇಷ್ಟು ವರ್ಷ ನಾನು ಎಲ್ಲರನ್ನೂ ಹಳಿದಿದ್ದೇನೆ. ತಲೆಯನ್ನು ಹಳಿದೆ, ಡಾಕ್ಟರನ್ನು ಹಳಿದೆ, ಹಲ್ಲು ಕಿರಿದವರನ್ನು ಹಳಿದೆ. ಅಂದು ನನ್ನ ಬಗ್ಗೆ ನನಗೇ ಹೇಸಿಗೆಯಾಯಿತು. ನಾನು ಮಂದಿಯ ಮುಂದೆ ಒಂದೇ ಒಂದು ಬೆಳಿಗ್ಗೆ, ಬೆಳಗಿನಿಂದ ಹನ್ನೊಂದು ಗಂಟೆಯವರೆಗೆ, ತಪ್ಪು ಕಡೆಗೆ ಬಾಗಿ ನಿಂತಿದ್ದೆ. ಅಷ್ಟರಲ್ಲಿ ಈ ಮುದುಕನ ಕಣ್ಣೊಳಗೆ ಇಲ್ಲದ್ದೊಂದು ಹೊಕ್ಕು ಕೂತಿತು. ಅದನ್ನು ಅಲ್ಲಿಂದ ತೆಗೆಯುವ ಚಿಮಟ ಯಾರ ಹತ್ತಿರವೂ ಇಲ್ಲ. ಥೇಟ್ ಹೊಗೀನ ಅಂತ ಜನ ಹೊಗಳಿದಾಗ ನನಗೂ ಒಳಗೊಳಗೆ ಹಿಗ್ಗಾಗಿತ್ತು, ಸುಳ್ಳು ಯಾಕೆ ಹೇಳಲಿ.

ಚನ್ನವೀರಪ್ಪ ಮೇಜಿನ ಖಾನೆ ತೆಗೆದು ಅಂಟಿನ ಟ್ಯೂಬು ತಂದ. ಗೋಪುರದ ಸುತ್ತ, ಅಣ್ಣನ ಗೊಂಬೆಯ ಭುಜದ ಮೇಲೆ, ಮುಖದ ಮೇಲೆ ಧಾರಾಳವಾಗಿ ಹಾಕಿದ. ನನ್ನನ್ನು ಎರಡೂ ಹೆಬ್ಬೆರಳಿನಿಂದ ಅದರ ಮೇಲೆ ಒತ್ತಿ ಹಿಡಿದ. ಅಂಟು ಆರುವವರೆಗೂ ಕೈ ತೆಗೆಯಲಿಲ್ಲ. ತಿಪ್ಪಣ್ಣ ಎದ್ದು ಬಂದು ಪಕ್ಕದಲ್ಲಿ ನಿಂತುಕೊಂಡ.

ಅಂದಿನಿಂದ ನನ್ನನ್ನು ಯಾರೂ ಸರಿಸಿಲ್ಲ.